ಕೊಪ್ಪೆ, ಕುಲಾವಿ ಮತ್ತು ಎರಡು ಪದರದ ಟೋಪಿ

ಕಳೆದ ಧನುರ್ಮಾಸದ ಒಂದು ಬೆಳಿಗ್ಗೆ. ಪ್ರಾರ್ಥನೆಗೆ ಸಾಲಾಗಿ ನಿಂತಿದ್ದ ಮಕ್ಕಳಲ್ಲಿ ಐದನೇ ತರಗತಿಯ ಒಬ್ಬ ಹುಡುಗಿ ಕೆಂಪು ಉಲ್ಲನ್ ಟೋಪಿ ಹಾಕಿಕೊಂಡು ಬಂದಿದ್ದಳು. ಮರುದಿನ ಅವಳ ತಲೆಯ ಮೇಲೆ ನೀಲಿ ಟೋಪಿ. ಅದರ ಮರುದಿನ ಮತ್ತೆ ಕೆಂಪು. "ಇವರ ಮನೇಲಿ ಎರಡೆರಡು ಟೋಪಿ ಕೊಡಿಸಿದ್ದಾರೆ ಸಾರ್" ಎಂದು ಪಕ್ಕದವನು ದೂರು ಹೇಳಿದ. ಹುಡುಗಿ ಏನೂ ಮಾತಾಡದೆ ಟೋಪಿ ತೆಗೆದು, ಒಳಗಿನದನ್ನು ಹೊರಗೆ ಎಳೆದು ತೋರಿಸಿದಳು. ಕೆಂಪು ಮಾಯವಾಗಿ ನೀಲಿ ಬಂತು. ಹೊಲಿಗೆ ಎಲ್ಲೂ ಕಾಣಲಿಲ್ಲ, ದಾರದ ತುದಿಯೂ ಕಾಣಲಿಲ್ಲ. ಯಾವ ಮಗ್ಗುಲು ಒಳಗೆ, ಯಾವ ಮಗ್ಗುಲು ಹೊರಗೆ ಎಂದು ನಮಗೂ ತಿಳಿಯಲಿಲ್ಲ. ಅವಳ ಚಿಕ್ಕಮ್ಮ ಹೆಣೆದು ಕೊಟ್ಟದ್ದಂತೆ.

ಮೆಟ್ಟೂರಿನ ಸುತ್ತಮುತ್ತ ಉಣ್ಣೆ ಟೋಪಿಯೇ ಎಂದು ಓದುಗರು ನಗಬಹುದು. ಬೇಸಿಗೆಯಲ್ಲಿ ಇಲ್ಲಿಗೆ ಬಂದು ಹೋದವರಿಗಂತೂ ನಂಬಿಕೆ ಬರಲಾರದು. ಆದರೆ ಅಣೆಕಟ್ಟಿನ ನೀರು ತುಂಬಿರುವ ವರ್ಷ, ಮಾರ್ಗಶಿರ ಪುಷ್ಯ ಮಾಸಗಳಲ್ಲಿ, ಬೆಳಗಿನ ಜಾವ ನೀರಿನ ಕಡೆಯಿಂದ ಬೀಸುವ ಗಾಳಿಗೆ ಎದುರಾಗಿ ಸೈಕಲ್ ತುಳಿದು ಬರುವ ಮಕ್ಕಳ ಕಿವಿಯನ್ನು ಮುಟ್ಟಿ ನೋಡಿದವರಿಗೆ ಗೊತ್ತು. ಇನ್ನು ಕೊಳತ್ತೂರು ದಾಟಿ, ಪಾಲಾರ್ ದಾಟಿ ಮಾದಪ್ಪನ ಬೆಟ್ಟದ ದಾರಿ ಹಿಡಿದರಂತೂ ಬೇರೆಯೇ ಲೋಕ. ಎಪ್ಪತ್ತೇಳು ಮಲೆಯ ಮಂಜು ಇಳಿಯುವ ಜಾಗ ಅದು.

ಅಂದು ಮೊಮ್ಮಗನನ್ನು ಶಾಲೆಗೆ ಬಿಡಲು ಬಂದಿದ್ದ ತಾತನೊಬ್ಬರು ಈ ಆಟವನ್ನೆಲ್ಲ ಗೇಟಿನ ಬಳಿ ನಿಂತು ನೋಡುತ್ತಿದ್ದರು. ಎಂಬತ್ತರ ಆಸುಪಾಸಿನವರು, ಕುರಿ ಮೇಯಿಸಿ ಬದುಕಿದವರು. "ಇದೇನ್ ಹೊಸ್ದಾ ಮೇಷ್ಟ್ರೇ? ನಮ್ ಕೊಪ್ಪೆಗೂ ಎಲ್ಡು ಮಗ್ಲು ಇದ್ದೋ" ಎಂದರು.

ಆ ಒಂದು ಮಾತು ನಮ್ಮನ್ನು ಬಹಳ ದಿನ ಕಾಡಿತು. ಈ ಬರಹ ಅದರ ಫಲ.

ಕೊಪ್ಪೆ ಎಂಬ ಶಬ್ದ ಗೊತ್ತೇ ಎಂದು ಅಂದು ತರಗತಿಯಲ್ಲಿ ಕೇಳಿದೆವು. ಇಪ್ಪತ್ತಾರು ಮಕ್ಕಳಲ್ಲಿ ಕೈ ಎತ್ತಿದವರು ಇಬ್ಬರು. ಅವರಲ್ಲೂ ಒಬ್ಬ "ಕಪ್ಪೆ" ಎಂದುಕೊಂಡು ಎತ್ತಿದ್ದ! ಹಾಗಾಗಿ ಮೊದಲಿಂದ ಹೇಳುತ್ತೇವೆ.

ಕಂಬಳಿಯನ್ನು ಮಡಿಚಿ, ತಲೆಯಿಂದ ಬೆನ್ನು, ಮೊಣಕಾಲಿನವರೆಗೆ ಇಳಿಯುವ ಹಾಗೆ ಹೊದೆಯುವ ಮುಸುಕಿಗೆ ಕೊಪ್ಪೆ ಎನ್ನುತ್ತಾರೆ. ಮಳೆಯಲ್ಲಿ ನಾಟಿ ಮಾಡುವವರು, ದನ ಕುರಿ ಕಾಯುವವರು, ರಾತ್ರಿ ಹೊಲ ಕಾಯುವವರು ಎಲ್ಲರೂ ಇದನ್ನು ಹಾಕಿದವರೇ. ಮಲೆನಾಡಿನಲ್ಲಿ ಕಂಬಳಿಕೊಪ್ಪೆ ಎಂದರೆ ಈಗಲೂ ಹಿರಿಯರಿಗೆ ತಿಳಿಯುತ್ತದೆ. ಕಂಬಳಿ ಇಲ್ಲದವರು ಗೋಣಿಚೀಲದಲ್ಲಿ ಮಾಡಿಕೊಂಡರು. ಚೀಲದ ತಳದ ಒಂದು ಮೂಲೆಯನ್ನು ಒಳಕ್ಕೆ ತಳ್ಳಿ ಇನ್ನೊಂದು ಮೂಲೆಯೊಳಗೆ ಕೂರಿಸಿದರೆ ಆಯಿತು, ತಲೆಗೆ ಎರಡು ಪದರದ ಚೂಪು ಟೋಪಿ, ಬೆನ್ನಿಗೆ ಹೊದಿಕೆ. ಚಿಕ್ಕಂದಿನಲ್ಲಿ ನಾವೂ ಮಳೆಗಾಲದಲ್ಲಿ ಹೀಗೆಯೇ ಶಾಲೆಗೆ ಹೋದದ್ದುಂಟು. ಅದರ ವಾಸನೆ ಮಾತ್ರ ಪುಸ್ತಕಕ್ಕೂ ಹತ್ತುತ್ತಿತ್ತು.

ಮುಂದಿನ ವಾರ ತಾತ ತಮ್ಮ ಕರಿಕಂಬಳಿ ತಂದರು. ಮಕ್ಕಳು ಅಳತೆಪಟ್ಟಿ ಹಿಡಿದು ಅಳೆದರು. ಒಂಬತ್ತು ಅಡಿ ಉದ್ದ, ನಾಲ್ಕೂವರೆ ಅಡಿ ಅಗಲ. ಉದ್ದದಲ್ಲಿ ಸರಿಯಾಗಿ ಅರ್ಧಕ್ಕೆ ಮಡಿಚಿದರೆ ನಾಲ್ಕೂವರೆ ಅಡಿಯ ಚೌಕ, ಎರಡು ಪದರ. ಮಡಿಕೆಯ ಒಂದು ಮೂಲೆಯನ್ನು ಒಳಕ್ಕೆ ತಳ್ಳಿ, ಅಂಗೈಯಿಂದ ಒತ್ತಿ, ತಲೆಯ ಮೇಲೆ ಇಟ್ಟುಕೊಂಡರು. ಇಷ್ಟಕ್ಕೆ ಅರ್ಧ ನಿಮಿಷವೂ ಆಗಲಿಲ್ಲ. ಮಳೆಯಲ್ಲಿ ಹೊರಮಗ್ಗುಲು ನೆನೆದು ಭಾರವಾದರೆ ಮರದಡಿ ನಿಂತು ಬಿಚ್ಚಿ, ಕೊಡವಿ, ನೆನೆದದ್ದನ್ನು ಒಳಕ್ಕೆ ಹಾಕಿ, ಒಣ ಮಗ್ಗುಲನ್ನು ಮೇಲೆ ತಂದು ಮತ್ತೆ ಹೊದೆಯುತ್ತಿದ್ದರಂತೆ. "ನೆನ್ದಿದ್ರೂ ಬೆಚ್ಗೇ ಇರ್ತಿತ್ತು" ಎಂದರು. ಇದು ಬರಿಯ ಹಳಬರ ಜಂಬವಲ್ಲ. ಉಣ್ಣೆಯ ಎಳೆ ತನ್ನ ತೂಕದ ಸುಮಾರು ಮೂರನೇ ಒಂದು ಪಾಲಿನಷ್ಟು ತೇವವನ್ನು ಒಳಗೆ ಹೀರಿಕೊಂಡರೂ ಮುಟ್ಟಿದರೆ ಒದ್ದೆ ಅನ್ನಿಸುವುದಿಲ್ಲ. ಎರಡು ಪದರದ ನಡುವೆ ಸಿಕ್ಕಿಕೊಂಡ ಗಾಳಿ ಅಲ್ಲೇ ನಿಲ್ಲುವುದರಿಂದ ಮೈಯ ಬಿಸಿ ಹೊರಗೆ ಹೋಗುವುದು ನಿಧಾನವಾಗುತ್ತದೆ. ವಿಜ್ಞಾನದ ಪಾಠದಲ್ಲಿ ಉಷ್ಣವಾಹಕ, ಅವಾಹಕ ಎಂದು ನಾವು ಬಾಯಿಪಾಠ ಮಾಡಿಸುವುದು ಇದನ್ನೇ. (ನಡುವೆ ಒಂದು ಮಾತು: ಮೈಯ ಅರ್ಧಕ್ಕರ್ಧ ಶಾಖ ತಲೆಯಿಂದಲೇ ಹೋಗುತ್ತದೆ ಎಂದು ನಾವೂ ವರ್ಷಗಟ್ಟಲೆ ಪಾಠ ಮಾಡಿದ್ದೆವು. ಅದು ತಪ್ಪು. ದೊಡ್ಡವರಲ್ಲಿ ಸುಮಾರು ಹತ್ತನೇ ಒಂದು ಪಾಲಷ್ಟೇ. ನಮ್ಮಿಂದ ಕಲಿತು ಹೋದವರು ದಯವಿಟ್ಟು ತಿದ್ದಿಕೊಳ್ಳಿ.)

ಇಲ್ಲೊಂದು ಪ್ರಶ್ನೆ ಎದ್ದಿತು. ಎತ್ತಿದ್ದು ನಾವಲ್ಲ, ಆರನೇ ತರಗತಿಯ ಹುಡುಗ. "ಸಾರ್, ನಮ್ಮನೆ ಕುರಿಗೆ ಉಣ್ಣೆಯೇ ಇಲ್ಲವಲ್ಲ, ಮತ್ತೆ ಕಂಬಳಿ ಎಲ್ಲಿಂದ ಬಂತು?"

ಸರಿಯಾದ ಪ್ರಶ್ನೆ. ಮೆಟ್ಟೂರಿನ ಪಕ್ಕದ ಮೇಚೇರಿ ಒಂದು ಕುರಿ ತಳಿಗೇ ಹೆಸರು ಕೊಟ್ಟ ಊರು. ಮೇಚೇರಿ, ಕೊಳತ್ತೂರು, ನಂಗವಳ್ಳಿ, ಓಮಲೂರು, ತಾರಮಂಗಲ, ಆಚೆ ಭವಾನಿಯ ಕಡೆ ಇರುವುದೆಲ್ಲ ಈ ಮೇಚೇರಿ ಕುರಿಯೇ. ತಿಳಿಕಂದು ಬಣ್ಣ, ಮೈಮೇಲೆ ಮೋಟು ಕೂದಲು, ಕತ್ತರಿಸುವಂಥ ಉಣ್ಣೆ ಇಲ್ಲ. ಈ ಒಣ ಸೀಮೆಯ ಬಿಸಿಲಿಗೆ ಅದೇ ಸರಿ. ಇದನ್ನು ಸಾಕುವುದು ಮಾಂಸಕ್ಕೆ. ಚರ್ಮಕ್ಕಂತೂ ಹದ ಮಾಡುವವರಲ್ಲಿ ಬಹಳ ಬೆಲೆ, ದೇಶದ ಒಳ್ಳೆಯ ಕುರಿಚರ್ಮಗಳಲ್ಲಿ ಇದೂ ಒಂದು. ಮೇಚೇರಿಯ ಬಳಿ ಪೊಟ್ಟನೇರಿಯಲ್ಲಿ ಈ ತಳಿಗೆಂದೇ ಸಂಶೋಧನಾ ಕೇಂದ್ರವಿದೆ. ಆದರೆ ಒಂದು ಟೋಪಿಗೆ ಬೇಕಾದಷ್ಟು ಉಣ್ಣೆಯನ್ನೂ ಈ ಕುರಿ ಕೊಡದು. ಕಂಬಳಿಯ ಉಣ್ಣೆ ಬೇರೆ ಕುರಿಯದು, ಘಟ್ಟದ ಮೇಲಿನ ದಖ್ಖನಿ ಕುರಿಯದು. ಚಿತ್ರದುರ್ಗ, ಚಳ್ಳಕೆರೆ, ಬಳ್ಳಾರಿ, ಬಾಗಲಕೋಟೆ ಸೀಮೆಯ ಕರಿಯ, ಒರಟು ಉಣ್ಣೆಯ ಕುರಿ. ವರ್ಷಕ್ಕೆ ಎರಡು ಸಲ ಉಣ್ಣೆ ಕತ್ತರಿಸುತ್ತಾರೆ. ನೂಲುವುದು ಹೆಂಗಸರು, ಮಗ್ಗದಲ್ಲಿ ಕೂರುವುದು ಗಂಡಸರು. ಹಾಸಿನ ನೂಲಿಗೆ ಹುಣಸೆ ಬೀಜದ ಗಂಜಿ ಕೊಟ್ಟು ಬಿಗಿ ಮಾಡುತ್ತಾರೆ. ಹೊಸ ಕಂಬಳಿ ಸೆಟೆದು ನಿಲ್ಲುವುದು ಆ ಗಂಜಿಯಿಂದಲೇ. ಕೊಪ್ಪೆಯ ಚೂಪು ಕುಸಿಯದೆ ನಿಲ್ಲುವುದಕ್ಕೂ ಇದೇ ಕಾರಣವಿರಬೇಕು ಎಂದು ನಮಗೆ ತೋರುತ್ತದೆ.

ತಾತನ ಕಂಬಳಿಯನ್ನು ಅವರ ಅಪ್ಪ ಮಾದಪ್ಪನ ಬೆಟ್ಟದ ಜಾತ್ರೆಯಲ್ಲಿ ಕೊಂಡದ್ದಂತೆ. ಆಗ ಗಡಿ ಇರಲಿಲ್ಲವೇ ಎಂದು ಮಕ್ಕಳು ಕೇಳಿದರು. ಈ ಗಡಿ ಇರಲಿಲ್ಲ. ನಮ್ಮ ಮಕ್ಕಳಿಗೆ ಇದನ್ನು ಎಷ್ಟು ಸಲ ಹೇಳಿದರೂ ಬೇಗ ಹಿಡಿಸುವುದಿಲ್ಲ. ಹುಟ್ಟಿದಾಗಿನಿಂದ ಪಾಲಾರ್ ಚೆಕ್‌ಪೋಸ್ಟ್ ನೋಡಿದವರಿಗೆ ಅದು ಮೊದಲಿಂದ ಅಲ್ಲೇ ಇತ್ತು ಎಂದೇ ಅನ್ನಿಸುತ್ತದೆ. ಧರ್ಮಪುರಿಯಲ್ಲಿ 9ನೇ ಶತಮಾನದ ನೊಳಂಬರ ಕನ್ನಡ ಶಾಸನಗಳಿವೆ. ಬಾರಾಮಹಲ್ ಮತ್ತು ಸೇಲಂ 1792ರ ಶ್ರೀರಂಗಪಟ್ಟಣ ಒಪ್ಪಂದದವರೆಗೆ ಟಿಪ್ಪುವಿನ ಕೈಯಲ್ಲಿದ್ದವು. ಕೊಯಮತ್ತೂರು ಸೀಮೆ 1799ರಲ್ಲಿ ಕಂಪನಿಗೆ ಹೋಯಿತು, ಅದರ ಜೊತೆ ಕೊಳ್ಳೇಗಾಲವೂ ಹೋಯಿತು. 1800ರಲ್ಲಿ ಫ್ರಾನ್ಸಿಸ್ ಬುಕಾನನ್ ಎಂಬ ಕಂಪನಿಯ ವೈದ್ಯ ಮೈಸೂರು ಸೀಮೆಯನ್ನೆಲ್ಲ ಸುತ್ತಿ, ಕೊಳ್ಳೇಗಾಲದ ಕಡೆಯಿಂದ ಕಾವೇರಿಪುರದ ಘಟ್ಟ ಇಳಿದು ನಮ್ಮ ಈ ಬಯಲಿಗೆ ಬಂದ. ದಾರಿಯುದ್ದಕ್ಕೂ ಯಾರು ಏನು ಬೆಳೆಯುತ್ತಾರೆ, ಏನು ನೇಯುತ್ತಾರೆ ಎಂದು ಬರೆದುಕೊಂಡ. ಕುರುಬರ ಕಂಬಳಿಯ ವಿಷಯವೂ ಅವನ ಪುಸ್ತಕದಲ್ಲಿದೆ. ಕೊಳ್ಳೇಗಾಲ ಕೊಯಮತ್ತೂರು ಜಿಲ್ಲೆಯಲ್ಲೇ ಇದ್ದು 1956ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರಿತು, ನಾವು ಈಚೆಗೆ ಉಳಿದೆವು. ತಾತನ ಅಪ್ಪ ಬೆಟ್ಟಕ್ಕೆ ಹೋಗಿ ಕಂಬಳಿ ತಂದಾಗ ಅವರು ರಾಜ್ಯ ದಾಟಿರಲಿಲ್ಲ. ಬೆಟ್ಟ ಹತ್ತಿ ಇಳಿದಿದ್ದರು, ಅಷ್ಟೇ.

ಅವರ ಹಳೆಯ ಊರಿನ ಹೊಲ ಈಗ ನೀರಿನಡಿ ಇದೆ. 1925ರಲ್ಲಿ ಶುರುವಾದ ಅಣೆಕಟ್ಟಿನ ಕೆಲಸ ಮುಗಿದು 1934ರ ಆಗಸ್ಟ್ 21ರಂದು ನೀರು ಬಿಟ್ಟರು. 120 ಅಡಿಗೆ ತುಂಬಿದರೆ 93.47 ಟಿಎಂಸಿ. ನೀರು ತೀರ ಇಳಿದ ವರ್ಷಗಳಲ್ಲಿ ಪಣ್ಣವಾಡಿಯ ಕಡೆ ಜಲಕಂಠೇಶ್ವರ ದೇವಸ್ಥಾನದ ನಂದಿ, ಹಳೆಯ ಚರ್ಚಿನ ಗೋಪುರ ಮೇಲೆ ಕಾಣುತ್ತವೆ. ಪತ್ರಿಕೆಗಳಲ್ಲಿ ಪ್ರತಿ ಸಲ ಅದೇ ಫೋಟೋ ಬರುತ್ತದೆ. ಮುಳುಗಿದ ಊರುಗಳಲ್ಲಿ ಕಲ್ಲಿನ ಕಟ್ಟಡಕ್ಕೆ ಫೋಟೋ ಉಂಟು. ಮೇವಿನ ಬಯಲಿಗೆ, ಕುರಿಹಟ್ಟಿಗೆ, ಕೊಪ್ಪೆಗೆ ಇಲ್ಲ.

ಈಗ ಟೋಪಿಯ ಹೆಸರಿಗೆ ಬರೋಣ. ಇಲ್ಲಿ ನಮ್ಮ ಮಕ್ಕಳಿಗೆ ಎರಡು ಭಾಷೆ ಇರುವುದು ಲಾಭವೇ ಆಯಿತು.

ತಮಿಳಿನಲ್ಲಿ ಟೋಪಿಗೆ 'ಕುಲ್ಲಾ' ಎನ್ನುತ್ತಾರೆ. ಕನ್ನಡದಲ್ಲಿ ಎಳೆಗೂಸಿನ ಟೋಪಿಗೆ 'ಕುಲಾವಿ'. ಎರಡೂ ಒಂದೇ ಬೇರಿನಿಂದ, ಪಾರಸಿಯ 'ಕುಲಾಹ್' ಎಂಬ ಶಬ್ದದಿಂದ ಬಂದವು. ನಡುವೆ ಇರುವ ಕೊಂಡಿ ವಿಜಯನಗರ. ಅಲ್ಲಿನ ಅರಮನೆಯಲ್ಲಿ ಗಂಡಸರು ಧರಿಸುತ್ತಿದ್ದ ಎತ್ತರದ ಚೂಪು ಟೋಪಿಗೆ 'ಕುಲ್ಲಾಯಿ' ಎಂದು ಹೆಸರು. ಲೇಪಾಕ್ಷಿಯ ಚಾವಣಿಯ ಚಿತ್ರಗಳಲ್ಲಿ ಸಾಲು ಸಾಲಾಗಿ ಕಾಣುತ್ತದೆ. ತಿರುಮಲೆಯಲ್ಲಿ ಇಬ್ಬರು ರಾಣಿಯರ ಜೊತೆ ಕೈಮುಗಿದು ನಿಂತ ಕೃಷ್ಣದೇವರಾಯನ ಕಂಚಿನ ಪ್ರತಿಮೆಯ ತಲೆಯ ಮೇಲಿರುವುದೂ ಅದೇ. ಸುಮಾರು 1520ರಲ್ಲಿ ರಾಯನನ್ನು ಕಂಡ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್, ದೊರೆ ಜರಿಯ ಟೋಪಿ ಹಾಕಿದ್ದ, ಅದರ ಮೇಲೆ ನವಿರಾದ ರೇಷ್ಮೆ ಬಟ್ಟೆ ಹೊದಿಸಿತ್ತು ಎಂದು ಬರೆದಿದ್ದಾನೆ. ಅಂದರೆ ಅದೂ ಎರಡು ಪದರ! ರಾಜರು ಹೋದರು, ಕುಲ್ಲಾಯಿ ಇಳಿದು ಇಳಿದು ಕೂಸಿನ ತಲೆಗೆ ಬಂದು ಕುಲಾವಿ ಆಯಿತು. ಹೊರಗೆ ಮಕಮಲ್ಲು ಅಥವಾ ರೇಷ್ಮೆ, ಒಳಗೆ ಹಳೆಯ ಹತ್ತಿ ಸೀರೆಯ ಮೆತ್ತನೆ ತುಂಡು. ಹೊರಗಿನದು ನೋಡುವವರಿಗೆ, ಒಳಗಿನದು ಕೂಸಿಗೆ. ಉತ್ತರ ಕರ್ನಾಟಕದ ಕುಂಚಿಗೆಯೂ ಇದೇ ಮನೆತನದ್ದು, ಬೆನ್ನಿನ ಮೇಲೆ ಇಳಿಬೀಳುವ ಬಟ್ಟೆಯೊಂದು ಹೆಚ್ಚು.

ಮಾತುಗಳ ವಿಚಾರಕ್ಕೆ ಬಂದದ್ದರಿಂದ ಇನ್ನೊಂದು. ಕನ್ನಡದಲ್ಲಿ 'ಟೋಪಿ ಹಾಕಿದ' ಎಂದರೆ ಮೋಸ ಮಾಡಿದ. ತಮಿಳಿನಲ್ಲಿ 'ಕುಲ್ಲಾ ಪೋಟ್ಟಾನ್' ಎಂದರೆ ಹೊಗಳಿ ಹೊಗಳಿ ಕೆಲಸ ಸಾಧಿಸಿಕೊಂಡ. ತಲೆಗೆ ಬೆಚ್ಚಗೆ ಏನಾದರೂ ಹಾಕಲು ಬಂದವರನ್ನು ಕಂಡರೆ ಎರಡು ಭಾಷೆಯವರಿಗೂ ಯಾಕೋ ಗುಮಾನಿ! ಕಂಬಳಿ ಎಂಬ ಶಬ್ದವೂ ಹಾಗೆಯೇ ಜಾರುತ್ತದೆ. ನಮಗೆ ಕಂಬಳಿ ಎಂದರೆ ಹೊದಿಕೆ, ಉಣ್ಣೆ ಬೇರೆ ಶಬ್ದ. ತಮಿಳಿನಲ್ಲಿ ಉಣ್ಣೆಗೇ ಕಂಬಳಿ ಎನ್ನುವುದುಂಟು. ಹಾಗಾಗಿ ನಮ್ಮ ಮಕ್ಕಳು ಉಣ್ಣೆ ಟೋಪಿಗೆ 'ಕಂಬಳಿ ಟೋಪಿ' ಎಂದು ಬರೆಯುತ್ತಾರೆ. 2006ರ ತಮಿಳು ಕಲಿಕೆ ಕಾಯ್ದೆಯ ನಂತರ ಮಕ್ಕಳು ಒಂದನೇ ತರಗತಿಯಿಂದಲೇ ತಮಿಳು ಓದುತ್ತಾರೆ. ಹೀಗೆ ಬರೆಯುವುದು ಸಹಜ. ಮೊದಲೆಲ್ಲ ಕೆಂಪು ಶಾಯಿಯಲ್ಲಿ ಸುತ್ತುಹಾಕುತ್ತಿದ್ದೆವು. ತಾತನ ಕಂಬಳಿ ನೋಡಿದ ಮೇಲೆ ಆ ಶಬ್ದಕ್ಕೆ ಸುತ್ತು ಹಾಕುವುದನ್ನು ಬಿಟ್ಟಿದ್ದೇವೆ.

ಹುಡುಗಿಯ ಟೋಪಿ ಮಾತ್ರ ನೇಯ್ದದ್ದಲ್ಲ, ಮಡಿಚಿದ್ದಲ್ಲ, ಹೊಲಿದದ್ದೂ ಅಲ್ಲ. ಹೆಣೆದದ್ದು. ನೇಯ್ಗೆಗೆ ಹಾಸು ಹೊಕ್ಕು ಎರಡು ಬೇಕು, ಮಗ್ಗ ಬೇಕು. ಹೆಣಿಗೆಗೆ ಒಂದೇ ದಾರ, ಕಡ್ಡಿಗಳು ಸಾಕು. ಒಂದು ಕುಣಿಕೆಯೊಳಗಿಂದ ಇನ್ನೊಂದು ಕುಣಿಕೆ ಎಳೆಯುತ್ತಾ ಹೋಗುವುದು. ಅದಕ್ಕೇ ಹೆಣಿಗೆ ಎಳೆದರೆ ಹಿಗ್ಗುತ್ತದೆ, ಬಿಟ್ಟರೆ ಕುಗ್ಗುತ್ತದೆ. ತಲೆಗೆ ಹಿಡಿದು ಕೂರುವುದು ಈ ಗುಣದಿಂದ. ನಮ್ಮ ಮಕ್ಕಳಿಗೆ ಹೆಣಿಗೆ ಹೊಸದು ಅನ್ನಿಸಿತು. ಅಂಗಿಯ ಒಳಗಿನ ಬನಿಯನ್ ತೋರಿಸಿ ಎಂದೆವು. ಅದೂ ಹೆಣಿಗೆಯೇ, ಹತ್ತಿರದ ತಿರುಪ್ಪೂರಿನ ಯಂತ್ರದ ಹೆಣಿಗೆ.

ಈಗ ಉಳಿದಿರುವ ನಿಜವಾದ ಹೆಣಿಗೆಯ ತುಂಡುಗಳಲ್ಲಿ ಹಳೆಯವು ಈಜಿಪ್ಟಿನವು, ಹತ್ತಿಯವು, ಸುಮಾರು ಸಾವಿರ ವರ್ಷ ಹಿಂದಿನವು. ಅಲ್ಲಿಂದ ಯುರೋಪಿಗೆ ಹೋಗಿ ಉಣ್ಣೆಗೆ ಕೂಡಿಕೊಂಡಿತು. ಇಂಗ್ಲೆಂಡಿನಲ್ಲಿ ಟೋಪಿ ಹೆಣೆಯುವವರ ಹೊಟ್ಟೆಪಾಡಿಗೆಂದು 1571ರಲ್ಲಿ ಒಂದು ಕಾನೂನನ್ನೇ ಮಾಡಿದರು. ಆರು ವರ್ಷ ದಾಟಿದವರೆಲ್ಲ, ದೊಡ್ಡ ಮನೆತನದವರನ್ನು ಬಿಟ್ಟು, ಭಾನುವಾರ ಮತ್ತು ಹಬ್ಬದ ದಿನ ಇಂಗ್ಲೆಂಡಿನಲ್ಲೇ ಮಾಡಿದ ಉಣ್ಣೆ ಟೋಪಿ ಹಾಕಬೇಕು, ಇಲ್ಲದಿದ್ದರೆ ದಂಡ! 1597ರಲ್ಲಿ ಅದನ್ನು ಕೈಬಿಟ್ಟರು. ಇನ್ನೊಂದು ಸಂಗತಿ ಮಕ್ಕಳನ್ನು ಸುಮ್ಮನಾಗಿಸಿತು. ಉತ್ತರ ಧ್ರುವದ ಕಡೆಯ ಸ್ಪಿಟ್ಸ್‌ಬರ್ಗನ್ ದ್ವೀಪದಲ್ಲಿ 17ನೇ ಶತಮಾನದಲ್ಲಿ ತಿಮಿಂಗಿಲ ಬೇಟೆಗೆ ಹೋಗಿ ಸತ್ತ 185 ಡಚ್ ಕೆಲಸಗಾರರ ಸಮಾಧಿಗಳನ್ನು 1980ರಲ್ಲಿ ತೆರೆದು ನೋಡಿದಾಗ, ಹಲವರ ತಲೆಯ ಮೇಲೆ ಉಣ್ಣೆ ಟೋಪಿ ಹಾಗೇ ಇತ್ತು. ಬಣ್ಣದ ಪಟ್ಟೆ ಒಬ್ಬೊಬ್ಬರದು ಒಂದೊಂದು ರೀತಿ. ಚಳಿಗೆ ಮುಖವೆಲ್ಲ ಮುಚ್ಚಿಕೊಂಡಾಗ ಇವನು ಯಾರು ಎಂದು ಗುರುತು ಹಿಡಿಯುತ್ತಿದ್ದುದು ಟೋಪಿಯಿಂದ. ಆ ಟೋಪಿಗಳು ಈಗ ಆಮ್‌ಸ್ಟರ್‌ಡ್ಯಾಮ್‌ನ ವಸ್ತುಸಂಗ್ರಹಾಲಯದಲ್ಲಿವೆ.

ಎರಡು ಪದರದ ಟೋಪಿಯ ಮೂಲ ಹುಡುಕುತ್ತಾ ಹೋದಾಗ ನಮಗೆ ಸಿಕ್ಕಿದ್ದು ಕೆನಡಾದ ಟ್ಯೂಕ್. ಅಲ್ಲಿನ ಫ್ರೆಂಚ್ ಮಾತಿನ ದೋಣಿಕಾರರು, ರೈತರು ಹಾಕುತ್ತಿದ್ದ ಟೋಪಿ. ಅದನ್ನು ಹೆಣೆಯುವ ಬಗೆ ಹೀಗೆ: ಎರಡೂ ತುದಿ ಮುಚ್ಚಿದ, ಉದ್ದನೆಯ ಒಂದು ಚೀಲ ಹೆಣೆಯುವುದು. ಆಮೇಲೆ ಒಂದು ತುದಿಯನ್ನು ಒಳಕ್ಕೆ ತಳ್ಳಿ ಇನ್ನೊಂದು ತುದಿಯೊಳಗೆ ಕೂರಿಸುವುದು. ಓದಿದ ಕೂಡಲೇ ನಮಗೆ ನಗು ಬಂತು. ಇದು ಗೋಣಿಚೀಲದ ಕೊಪ್ಪೆಯೇ! ಒಂದು ಮೂಲೆ ಇನ್ನೊಂದು ಮೂಲೆಯೊಳಗೆ. ಅವರು ನಮ್ಮಿಂದ ಕಲಿತರು ಎಂದಾಗಲಿ, ನಾವು ಅವರಿಂದ ಕಲಿತೆವು ಎಂದಾಗಲಿ ಯಾರೂ ಹೇಳಬೇಕಿಲ್ಲ. ತಲೆ ತಣ್ಣಗಾದ ಮನುಷ್ಯ, ಕೈಯಲ್ಲಿ ಒಂದು ಚೀಲ, ಇಷ್ಟಿದ್ದರೆ ಸಾಕು. ಟೊರಾಂಟೊದಲ್ಲಿರುವ ಕನ್ನಡದ ಮಕ್ಕಳು ಚಳಿಗಾಲದಲ್ಲಿ ಇಂದಿಗೂ ಹಾಕುವ ಉಣ್ಣೆ ಟೋಪಿಗೆ ಅದೇ ಹೆಸರು, ಪದರ ಒಂದೇ ಇದ್ದರೂ.

ನಮ್ಮ ಕಡೆ ಕಡ್ಡಿ ಹೆಣಿಗೆ ಮನೆಮನೆಗೆ ಬಂದದ್ದು ತಡವಾಗಿ, ಶಾಲೆಯ ಹೊಲಿಗೆ ತರಗತಿಗಳ ಮೂಲಕ, ಮಿಷನ್ನಿನವರ ಮೂಲಕ, ವಾರಪತ್ರಿಕೆಗಳ ಮಹಿಳಾ ಪುಟಗಳ ಮೂಲಕ. 1962ರಲ್ಲಿ ಚೀನಾ ಯುದ್ಧ ಬಂದಾಗ ದೇಶದ ಎಲ್ಲ ಕಡೆ ಹೆಂಗಸರು, ಶಾಲೆಯ ಹುಡುಗಿಯರು ಹಿಮಾಲಯದಲ್ಲಿದ್ದ ಜವಾನರಿಗೆಂದು ಸ್ವೆಟರ್, ಮಫ್ಲರ್, ಕೈಗವಸು ಹೆಣೆದು ಕಳಿಸಿದರು. ಅದೇ ಚೀನಾದಿಂದ ತಪ್ಪಿಸಿಕೊಂಡು ಬಂದ ಟಿಬೆಟನ್ನರು ಬೈಲಕುಪ್ಪೆ, ಮುಂಡಗೋಡಿನಲ್ಲಿ ನೆಲೆಸಿದರು. 1970ರ ದಶಕದಲ್ಲಿ ನಮ್ಮ ಬೆಟ್ಟದ ಬೆನ್ನಿಗೇ, ಈಗಿನ ಹನೂರು ತಾಲ್ಲೂಕಿನ ಒಡೆಯರಪಾಳ್ಯದಲ್ಲಿ ಒಂದು ನೆಲೆಯಾಯಿತು. ಚಳಿಗಾಲ ಬಂದರೆ ಟಿಬೆಟನ್ ಕುಟುಂಬಗಳು ದಕ್ಷಿಣದ ಪಟ್ಟಣಗಳ ಪಾದಚಾರಿ ದಾರಿಯಲ್ಲಿ ಸ್ವೆಟರ್, ಟೋಪಿ ಹರಡಿಕೊಂಡು ಕೂರುತ್ತಾರೆ. ಅವುಗಳಲ್ಲಿ ಬಹಳಷ್ಟು ಲುಧಿಯಾನದ ಯಂತ್ರದವು.

ನಮ್ಮ ಮಕ್ಕಳ ತಲೆಯ ಮೇಲೆ ಹೆಚ್ಚು ಕಾಣುವ ಮಂಕಿ ಕ್ಯಾಪಿನದು ಇನ್ನೊಂದು ಕಥೆ. ಅದರ ಇಂಗ್ಲಿಷ್ ಹೆಸರು ಬಾಲಕ್ಲಾವ, 1854ರ ಅಕ್ಟೋಬರ್ 25ರಂದು ಕ್ರೈಮಿಯಾದಲ್ಲಿ ಕಾಳಗ ನಡೆದ ಊರಿನ ಹೆಸರು. ಅಷ್ಟು ಸಾಕು.

ಇಷ್ಟೆಲ್ಲ ಓದಿದ ಮೇಲೆ ಒಂದು ಟೋಪಿ ಹೆಣೆಯದೆ ಬಿಡುವುದು ಸರಿಯಲ್ಲ ಎನ್ನಿಸಿತು. ಹುಡುಗಿಯ ಚಿಕ್ಕಮ್ಮ ಎರಡು ಶನಿವಾರ ಶಾಲೆಗೆ ಬಂದು ಹೇಳಿಕೊಟ್ಟರು. ಎರಡೂ ತುದಿ ಚೂಪಾದ ಐದು ಕಡ್ಡಿ ಬೇಕು. ಬಿದಿರು ಸೀಳಿ, ಉಪ್ಪುಕಾಗದ ಉಜ್ಜಿ, ಪೆನ್ಸಿಲ್ಲಿಗಿಂತ ಸಣ್ಣಗೆ, 4 ಮಿಲಿಮೀಟರ್ ದಪ್ಪಕ್ಕೆ ಏಳನೇ ತರಗತಿಯ ಹುಡುಗರು ಮಾಡಿಕೊಟ್ಟರು. ನೆತ್ತಿಯಿಂದ ಶುರು. 8 ಕುಣಿಕೆ. ಸುತ್ತು ಬಿಟ್ಟು ಸುತ್ತಿಗೆ 8 ಕುಣಿಕೆ ಹೆಚ್ಚಿಸುತ್ತಾ ಹೋಗಬೇಕು. 8, 16, 24... ಎಂಟರ ಮಗ್ಗಿ! 96 ಆದಾಗ ನಿಲ್ಲಿಸುವುದು. ಸುಮಾರು 50 ಸೆಂಟಿಮೀಟರ್ ಸುತ್ತಳತೆಯ ಮಗುವಿನ ತಲೆಗೆ, ಅಂಗಡಿಯ ಮಧ್ಯಮ ದಪ್ಪದ ಉಲ್ಲನ್ನಿನಲ್ಲಿ, ಅಷ್ಟು ಸಾಕು. ಆಮೇಲೆ ಹೆಚ್ಚಿಸದೆ ಇಳಿಸದೆ ನೇರ ಕೊಳವೆ, 14 ಸೆಂಟಿಮೀಟರ್. ಅಲ್ಲಿ ಬಣ್ಣ ಬದಲಿಸಿ, ಮತ್ತೆ 14 ಸೆಂಟಿಮೀಟರ್. ಬಣ್ಣ ಕೂಡುವ ಜಾಗದಲ್ಲಿ ಒಂದು ಸುತ್ತು ಉಲ್ಟಾ ಹೆಣೆದರೆ ಅಂಚು ತಾನೇ ಮಡಿಯುತ್ತದೆ. ಆಮೇಲೆ ಹತ್ತಿದ್ದನ್ನು ಇಳಿಯುವುದು: ಸುತ್ತು ಬಿಟ್ಟು ಸುತ್ತಿಗೆ 8 ಕುಣಿಕೆ ಕಡಿಮೆ, 96, 88, 80... 8ಕ್ಕೆ ಬಂದಾಗ ದಾರ ಕತ್ತರಿಸಿ, ಕುಣಿಕೆಗಳಲ್ಲಿ ತೂರಿಸಿ ಬಿಗಿ ಎಳೆದು, ತುದಿಯನ್ನು ಒಳಗೆ ಬಿಡಬೇಕು. ಕೈಯಲ್ಲಿ ಸೋರೆಕಾಯಿಯ ಹಾಗೆ ಒಂದು ಚೀಲ ಇರುತ್ತದೆ. ಒಂದರ್ಧವನ್ನು ಇನ್ನೊಂದರ್ಧದೊಳಗೆ ತಳ್ಳಿದರೆ ಟೋಪಿ. ದಾರದ ತುದಿಗಳೆಲ್ಲ ಎರಡು ಪದರದ ನಡುವೆ ಅಡಗಿಬಿಡುತ್ತವೆ. ಹುಡುಗಿಯ ಟೋಪಿಯಲ್ಲಿ ನಮಗೆ ಹೊಲಿಗೆ ಕಾಣದಿದ್ದುದರ ಗುಟ್ಟು ಇಷ್ಟೇ.

ನಾವು ಹೆಣೆದ ಮೊದಲನೆಯದು ಕುಂಬಳಕಾಯಿಗೂ ದೊಡ್ಡದಾಯಿತು. ಎಲ್ಲೋ ಎಣಿಕೆ ತಪ್ಪಿ 96ರ ಬದಲು 120ರವರೆಗೆ ಹೋಗಿದ್ದೆವು. ಮಕ್ಕಳು ಸಂತೋಷಪಟ್ಟರು. ಮಗ್ಗಿ ತಪ್ಪಿದ್ದಕ್ಕೆ ನಮ್ಮನ್ನು ಬೆಂಚಿನ ಮೇಲೆ ನಿಲ್ಲಿಸಬೇಕು ಎಂದು ಒಬ್ಬಳು ಹೇಳಿಯೂ ಬಿಟ್ಟಳು.

ಆದರೆ ತಾತ ನಮ್ಮ ಉಲ್ಲನ್ ಉಂಡೆಯನ್ನು ಬೆರಳಲ್ಲಿ ಉಜ್ಜಿ ನೋಡಿ, ಒಂದು ಎಳೆ ಕಿತ್ತು ಬೀಡಿಯ ಕಿಡಿಗೆ ಹಿಡಿದರು. ಕರಗಿ ಗಂಟಾಯಿತು. ಆಮೇಲೆ ಕಂಬಳಿಯ ಒಂದು ಎಳೆ ಹಿಡಿದರು. ಕೂದಲು ಸುಟ್ಟ ವಾಸನೆ ಬಂತು, ಬೂದಿಯಾಗಿ ಉದುರಿತು. "ಇದು ಕುರಿದಲ್ಲ ಬುಡಿ" ಎಂದರು. ಹೌದು, ನಮ್ಮ ಪೇಟೆಯಲ್ಲಿ ಉಲ್ಲನ್ ಎಂದು ಸಿಗುವುದು ಹೆಚ್ಚುಪಾಲು ಅಕ್ರಿಲಿಕ್, ಪೆಟ್ರೋಲಿಯಂನಿಂದ ಮಾಡಿದ್ದು. ಇತ್ತ ಘಟ್ಟದ ಮೇಲೆ ದಖ್ಖನಿ ಉಣ್ಣೆಯನ್ನು ಕೇಳುವವರಿಲ್ಲ. ಕತ್ತರಿಸುವ ಕೂಲಿಯೂ ಹುಟ್ಟದೆ ಕುರಿಗಾರರು ಉಣ್ಣೆಯನ್ನು ಬೇಲಿ ಬದಿಗೆ ಎಸೆದು ಹೋಗುವ ಸ್ಥಿತಿ ಬಂದಿದೆ. ಬೇಲಿ ಬದಿಯಲ್ಲಿ ಉಣ್ಣೆ ಬಿದ್ದಿದೆ, ಮಕ್ಕಳ ತಲೆಯ ಮೇಲೆ ಪ್ಲಾಸ್ಟಿಕ್ಕು. ಇದನ್ನು ಮಕ್ಕಳಿಗೆ ಹೇಗೆ ವಿವರಿಸುವುದೆಂದು ನಮಗೆ ತಿಳಿಯಲಿಲ್ಲ. ಬೆಲೆ ಕಡಿಮೆ, ಚುಚ್ಚುವುದಿಲ್ಲ, ಒಗೆಯಲು ಸುಲಭ, ಬಣ್ಣ ಬಣ್ಣದ್ದು ಸಿಗುತ್ತದೆ ಎಂದೆವು. ಅದೂ ನಿಜವೇ.

ಚುಚ್ಚುವುದು ಸಣ್ಣ ಮಾತಲ್ಲ. ಸುಮಾರು 30 ಮೈಕ್ರಾನ್‌ಗಿಂತ ದಪ್ಪವಿರುವ ಎಳೆ ಚರ್ಮಕ್ಕೆ ತಾಗಿದರೆ ಬಾಗದೆ ಚುಚ್ಚುತ್ತದೆ. ಕಂಬಳಿಯ ಉಣ್ಣೆಯಲ್ಲಿ ಅಂಥ ಎಳೆಗಳೇ ಹೆಚ್ಚು. ಹೊದೆಯಲು ಅಡ್ಡಿಯಿಲ್ಲ, ಹಣೆಗೆ ಒತ್ತಿ ಕೂರುವ ಟೋಪಿಗೆ ಕಷ್ಟ.

ಪರಿಚಿತರೊಬ್ಬರು ಚಳ್ಳಕೆರೆ ಕಡೆಯಿಂದ ಬರುವಾಗ ಕೈಯಲ್ಲಿ ನೂತ ಕರಿ ಉಣ್ಣೆಯ ಒಂದು ಉಂಡೆ ತಂದುಕೊಟ್ಟರು. ಎರಡನೆಯ ಟೋಪಿಯ ಅರ್ಧವನ್ನು ಅದರಲ್ಲಿ ಹೆಣೆದೆವು. ಕುರಿಯ ವಾಸನೆ, ನಡುವೆ ನಡುವೆ ಹುಲ್ಲಿನ ಮುಳ್ಳು. ಇನ್ನರ್ಧ ಮೆತ್ತನೆಯ ಹತ್ತಿ ದಾರದಲ್ಲಿ. ಕರಿಯದು ಹೊರಗೆ, ಹತ್ತಿ ಒಳಗೆ, ಕುಲಾವಿಯ ಲೆಕ್ಕ. ಎರಡು ಮಗ್ಗುಲೂ ಹಾಕಬಹುದು ಎಂಬ ಹೆಮ್ಮೆ ಇದಕ್ಕಿಲ್ಲ. ಹಟಕ್ಕೆ ಬಿದ್ದು ಒಬ್ಬ ಹುಡುಗ ತಿರುಗಿಸಿ ಹಾಕಿಕೊಂಡು, ಮಧ್ಯಾಹ್ನದವರೆಗೂ ಹಣೆ ಕೆರೆದುಕೊಳ್ಳುತ್ತಿದ್ದ.

ಟೋಪಿಯನ್ನು ತಾತನಿಗೇ ಕೊಟ್ಟೆವು. ಹಾಕಿಕೊಂಡು, ಕಿವಿಯವರೆಗೆ ಎಳೆದುಕೊಂಡು, ಒಮ್ಮೆ ತಲೆಯಾಡಿಸಿ ನೋಡಿದರು. "ಬೆಚ್ಗದೆ. ಆದ್ರೆ ಬೆನ್ಗೇನ್ ಮಾಡಾಣ?" ಎಂದು ಕೇಳಿ, ಕಂಬಳಿಯನ್ನು ಹೆಗಲಿಗೆ ಹಾಕಿಕೊಂಡು ಹೊರಟರು.